ಸಿದ್ಧಾಂತಕ್ಕೆ ಸಿಮೆಂಟು

ತಮ್ಮ ದ್ರೋಹಿಯಾದ ಸುದ್ದಿ ಮೇಸ್ತ್ರಿಗೆ ತಿಳಿದದ್ದು ಊಟಕ್ಕೆ ಕೂತಾಗ. ಕೆಟ್ಟ ಸುದ್ದಿಗೆ ಕಾಲು ಬೇಗ. ಅದೂ ತುತ್ತು ಬಾಯಿಗೆ ಹೋಗುವ ಹೊತ್ತು ನೋಡಿಕೊಂಡೇ ಓಡಿ ಬರುತ್ತದೆ.

"ಮೇಲಿನ ಬಡಾವಣೆಯ ಗೋಡೆಗೆ ಗೇಟು ಮಾಡೋ ಕೆಲಸ ನನಗೇ ಸಿಕ್ಕಿತು," ಅಂದ ತಮ್ಮ, ಬಹುಮಾನ ಹೊಡೆದವನ ಹಾಗೆ. ತಮ್ಮ ಬಡಗಿ. "ಒಳ್ಳೇ ಮರ ತರಿಸಿದ್ದಾರೆ. ಮೇಲೆ ಕಬ್ಬಿಣದ ಮುಳ್ಳು."

ಮೇಸ್ತ್ರಿಯ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತಿತು. "ಯಾವ ಗೋಡೆಗೆ?"

"ಅದೇ ಅಣ್ಣ, ನೀನು ದಿನಾ ಧಿಕ್ಕಾರ ಕೂಗ್ತೀಯಲ್ಲ, ಅದಕ್ಕೆ."

ಮೇಸ್ತ್ರಿ ತಟ್ಟೆ ಬಿಟ್ಟು ಎದ್ದ. (ಎದ್ದದ್ದು ಊಟ ಮುಕ್ಕಾಲು ಮುಗಿದ ಮೇಲೆ ಎಂದು ಅವನ ಹೆಂಡತಿ ಆಮೇಲೆ ಎಲ್ಲರಿಗೂ ಹೇಳಿದಳು. ಹೆಂಡತಿಯರ ಸಾಕ್ಷಿ ಯಾವತ್ತೂ ವಿರೋಧ ಪಕ್ಷದ ಕಡೆಗೇ.)

ಓಣಿಯಲ್ಲಿ ಅವನಿಗೆ ಧಿಕ್ಕಾರ ಮೇಸ್ತ್ರಿ ಎಂದೇ ಹೆಸರು. ಕೈಗೆ ಕರಣೆ ಸಿಕ್ಕರೆ ಗೋಡೆ ಎಬ್ಬಿಸುವನು, ಬಾಯಿಗೆ ಮೈಕು ಸಿಕ್ಕರೆ ಕೂತ ಜನರನ್ನು ಎಬ್ಬಿಸುವನು. ಅವನು "ಧಿಕ್ಕಾರ" ಅಂದರೆ ಲೈಟು ಕಂಬದ ಮೇಲಿನ ಕಾಗೆಗಳು ಯಾವ ಸರ್ಕಾರ ಬಿತ್ತು ಎಂದು ನೋಡಲು ಹಾರಿ ಹೋಗುತ್ತಿದ್ದವು.

ಈಗಿನ ಧಿಕ್ಕಾರಕ್ಕೆ ಕಾರಣವೂ ದೊಡ್ಡದಿತ್ತು. ಕೆಳಗಿನ ಓಣಿಯವರು ಬಸ್ಸಿಗೆ, ಆಸ್ಪತ್ರೆಗೆ ಹೋಗಲು ಇದ್ದದ್ದು ಒಂದೇ ನೇರ ದಾರಿ; ಅದು ಮೇಲಿನ ಬಡಾವಣೆಯ ನಡುವೆ ಹಾಯುತ್ತಿತ್ತು. ಬಡಾವಣೆಯವರಿಗೆ ಓಣಿಯವರು ಕೆಲಸಕ್ಕೆ ಬೇಕು, ಕಣ್ಣಿಗೆ ಬೇಡ. ಪಾತ್ರೆ ತೊಳೆಯುವ ಕೈ ಬರಲಿ, ಕೈಯ ಹಿಂದಿನ ಮನುಷ್ಯ ಬೇಡ. ಹಾಗೆಂದು ಬರೀ ಕೈ ಬರುವ ವ್ಯವಸ್ಥೆಯನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲವಾದ್ದರಿಂದ ಅವರು ಗೋಡೆ ಕಟ್ಟಿಸಿದರು. ದಾರಿಯ ಬಾಯಿಯನ್ನು ಮಾತ್ರ ಗೇಟಿಗೆಂದು ತೆರೆದಿಟ್ಟಿದ್ದರು. ಗೇಟು ಬಂದರೆ ಬೀಗ ಬರುತ್ತದೆ, ಬೀಗ ಬಂದರೆ ಬೀಗದ ಕೈ ಅವರ ಕಾರ್ಯದರ್ಶಿಯ ಸೊಂಟಕ್ಕೆ ಹೋಗುತ್ತದೆ. ಕೆಲಸದ ಹೊತ್ತಿಗೆ ತೆರೆದು, ಕೆಲಸ ಮುಗಿದ ಕೂಡಲೆ ಮುಚ್ಚುತ್ತಾರೆ. ಉಳಿದ ಹೊತ್ತು ಹೆರಿಗೆ ನೋವು ಬಂದವಳೂ ಚರಂಡಿ ಸುತ್ತಿಕೊಂಡೇ ಹೋಗಬೇಕು.

ಅದಕ್ಕೇ ಗೋಡೆ ವಿರೋಧಿ ಹೋರಾಟ ಸಮಿತಿ ಹುಟ್ಟಿತ್ತು. ಅಧ್ಯಕ್ಷರ ಆಯ್ಕೆ ಬರುವ ಭಾನುವಾರ. ಕಣದಲ್ಲಿ ಇಬ್ಬರು: ಒಬ್ಬ ಮೇಸ್ತ್ರಿ, ಇನ್ನೊಬ್ಬಳು ಬಡಾವಣೆಯ ರಸ್ತೆ ಗುಡಿಸುವ ಪೊರಕೆ ಅಕ್ಕ. ಮೇಸ್ತ್ರಿ ಇಷ್ಟು ವರ್ಷ ಬೇರೆಯವರ ವೇದಿಕೆಗೆ ಕಂಬ ನೆಟ್ಟಿದ್ದ, ಬೇರೆಯವರ ಭಾಷಣಕ್ಕೆ ಚಪ್ಪಾಳೆ ಹೊಡೆದಿದ್ದ, ಬೇರೆಯವರ ಪಾಲಿನ ಲಾಠಿ ಏಟನ್ನೂ ತಿಂದಿದ್ದ. ಒಂದೇ ಒಂದು ಸಲ ಮಾನ್ಯ ಅಧ್ಯಕ್ಷರೇ ಅನ್ನಿಸಿಕೊಂಡು ಸಾಯಬೇಕು ಎಂಬುದು ಅವನ ಆಸೆ. ಇಂಥ ಹೊತ್ತಲ್ಲಿ, ಒಡಹುಟ್ಟಿದವನೇ ಆ ಗೋಡೆಗೆ ಗೇಟು ಮಾಡುವುದೆಂದರೆ!

"ನನ್ನ ಮುಖಕ್ಕೆ ಮುಚ್ಚೋ ಬಾಗಿಲು ಮಾಡ್ತೀಯೇನೋ ದ್ರೋಹಿ?"

"ಬಾಗಿಲು ಮಾಡೋದು ನನ್ನ ಕಸುಬು. ಮುಚ್ಚೋದು ತೆಗೆಯೋದು ಅವರಿಷ್ಟ," ಅಂದ ಬಡಗಿ. "ಸಮಿತಿಯವರು ಒಂದು ಗೇಟು ಮಾಡಿಸಲಿ, ಅದನ್ನೂ ಮಾಡಿಕೊಡ್ತೀನಿ."

ಅಂದಿನಿಂದ ಅಣ್ಣ ತಮ್ಮ ಮಾತು ಬಿಟ್ಟರು. ಒಂದೇ ಮನೆ, ಒಂದೇ ಒಲೆ, ಮಾತು ಮಾತ್ರ ಇಲ್ಲ. ಇದರಿಂದ ಮೇಸ್ತ್ರಿಗೆ ತೃಪ್ತಿಯಾಗಲಿಲ್ಲ. ಮಾತು ಬಿಟ್ಟದ್ದು ಎದುರಿನವನಿಗೆ ಕಾಣುವುದಿಲ್ಲ, ನೋಡಿ. ಅದೇ ಅದರ ದೋಷ. ಹಲ್ಲುಜ್ಜುವಾಗ ಎದುರಿಗೆ ಬರುತ್ತಾನೆ, ಚಹಾ ಕುಡಿಯುವಾಗ ಎದುರಿಗೆ ಕೂರುತ್ತಾನೆ, ನಾಚಿಕೆ ಇಲ್ಲದೆ ತನ್ನ ಹೆಂಡತಿಯ ಜೊತೆ ನಗುತ್ತಾನೆ. ಆಗ ಮೇಸ್ತ್ರಿಯ ತಲೆಯಲ್ಲಿ ಆ ಮಹತ್ತಾದ ಆಲೋಚನೆ ಹೊಳೆಯಿತು.

"ನಡುಮನೆಗೆ ಅಡ್ಡ ಗೋಡೆ ಹಾಕ್ತೀನಿ," ಅಂದ. "ಬೀದಿ ಕಡೆ ನಾವು, ಹಿತ್ತಿಲ ಕಡೆ ಅವರು. ಗೋಡೆಗೆ ಕೆಲಸ ಮಾಡೋನ ಮುಖ ನಾನು ನೋಡಲ್ಲ."

ಹೆಂಡತಿ ಬಡಾವಣೆಯವರ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಪೆಟ್ಟಿಗೆಯನ್ನು ಎತ್ತಿ ಹಿಡಿದೇ ಕೇಳಿದಳು: "ಗೋಡೆ ಬೇಡ ಅನ್ನೋ ನೀವು, ಗೋಡೆಗೆ ಬಾಗಿಲು ಮಾಡಿದ ಅಂತ, ಗೋಡೆ ಕಟ್ತೀರಾ?"

"ಅದು ಬೇರೆ, ಇದು ಬೇರೆ."

"ಮತ್ತೆ ಈ ಅಂಗಿ ಆ ಕಾರ್ಯದರ್ಶಿದು. ನಾನೂ ದ್ರೋಹಿನಾ? ಓರಗಿತ್ತಿ ಅವರ ಮನೇಲಿ ಅಡುಗೆ ಮಾಡ್ತಾಳೆ. ಅವಳು?"

"ನೀವು ಹೊಟ್ಟೆಪಾಡಿಗೆ ಮಾಡ್ತೀರಿ."

"ಅವನೇನು ಹೊಟ್ಟೆ ಅಡ ಇಟ್ಟು ಬಂದಿದ್ದಾನಾ?"

"ನಿನಗೆ ಅರ್ಥ ಆಗಲ್ಲ ಕಣೇ. ನಾನು ಕಟ್ಟೋದು ಗೋಡೆಯಲ್ಲ, ಸಿದ್ಧಾಂತ!"

"ಸಿದ್ಧಾಂತಕ್ಕೆ ಸಿಮೆಂಟ್ ಯಾಕ್ರೀ?" ಅಂದಳು ಹೆಂಡತಿ. ಕಾರ್ಯದರ್ಶಿಯ ಅಂಗಿಯ ಮೇಲೆ ಪೆಟ್ಟಿಗೆ ಚುಂಯ್ ಅಂದಿತು.

ಸಿಮೆಂಟ್ ಬಂತು. ಇಟ್ಟಿಗೆ ಬಂತು. ಹೆಂಡತಿ ಬೇಡ ಅಂದ ಮೇಲೂ ಗಂಡಸು ಮಾಡುವ ಕೆಲಸಗಳೆಲ್ಲ ಸಾಮಾನ್ಯವಾಗಿ ಚುರುಕಾಗಿಯೇ ಶುರುವಾಗುತ್ತವೆ. ಒಂದೇ ಭಯ, ಸಮಿತಿಗೆ ಗೊತ್ತಾಗಬಾರದು. ಗೋಡೆ ವಿರೋಧಿ ಸಮಿತಿಯ ಭಾವಿ ಅಧ್ಯಕ್ಷ ಮನೆಯೊಳಗೆ ಗೋಡೆ ಎಬ್ಬಿಸುತ್ತಿದ್ದಾನೆ ಎಂದು ಓಣಿಗೆ ತಿಳಿದರೆ ಅಧ್ಯಕ್ಷಗಿರಿಯ ಕತೆ ಅಲ್ಲಿಗೆ ಮುಗಿಯಿತು. ಹಾಗಾಗಿ ಓಣಿಯೆಲ್ಲ ದುಡಿಯಲು ಹೋದ ಮಧ್ಯಾಹ್ನಗಳಲ್ಲಿ, ತಾನು ಮಾತ್ರ ಕೆಲಸಕ್ಕೆ ಚಕ್ಕರ್ ಹೊಡೆದು, ಇಟ್ಟಿಗೆಯನ್ನು ಮಲಗಿದ ಮಗುವಿನ ಹಾಗೆ ಎತ್ತಿ ಮಗುವಿನ ಹಾಗೇ ಇಟ್ಟ. ಊರಿಗೆ ಕೇಳುವಂತೆ ಕೂಗಿ ಬಾಳಿದವನು ಕರಣೆಗೆ ಚಿಂದಿ ಸುತ್ತಿ ಕೆಲಸ ಮಾಡಿದ. ಆದರೂ ಪಕ್ಕದ ಮನೆಯ ಮುದುಕಿಯ ಕಿವಿಗೆ ಬಿತ್ತು.

"ಏನೇ ಅದು ಟಪಟಪ?"

"ನಮ್ಮೆಜಮಾನ್ರು ಸಿದ್ಧಾಂತ ಬಡೀತಿದ್ದಾರೆ ಅಜ್ಜಿ," ಅಂದಳು ಹೆಂಡತಿ.

"ಬಡೀಲಿ, ಬಡೀಲಿ. ಮೈಗೆ ಒಳ್ಳೇದು."

ಮೊದಲ ವರಸೆ ಏಳುವಷ್ಟರಲ್ಲೇ ಒಂದು ತೊಡಕು ಬಂತು. ಗೋಡೆ ನೇರ ಬರಬೇಕಾದರೆ ದಾರ ಕಟ್ಟಬೇಕು. ದಾರದ ಈ ತುದಿ ಹಿಡಿದವನಿಗೆ ಆ ತುದಿ ಹಿಡಿಯಲು ಇನ್ನೊಬ್ಬ ಬೇಕು. ಹೆಂಡತಿ ಮುಟ್ಟುವುದಿಲ್ಲ ಅಂದಳು. ಗೇಟಿನ ಕೆಲಸವನ್ನು ಹಿತ್ತಿಲಲ್ಲೇ ಇಟ್ಟುಕೊಂಡಿದ್ದ ಬಡಗಿ ಎದ್ದು ಬಂದ, ಮಾತಾಡದೆ ಆ ತುದಿ ಹಿಡಿದ. ತಮ್ಮನನ್ನು ದೂರ ಇಡುವ ಗೋಡೆಯ ದಾರವನ್ನು ತಮ್ಮನೇ ಹಿಡಿದು ಕೂತ. ಕಸುಬಿನವರಿಗೆ ಜಗಳ ಸೊಟ್ಟಗಾದರೂ ನಡೆಯುತ್ತದೆ, ಕೆಲಸ ಸೊಟ್ಟಗಾಗಬಾರದು.

ಮಾತು ಮಾತ್ರ ಇಲ್ಲ. ಎಲ್ಲವೂ ಅತ್ತಿಗೆಯ ಮೂಲಕ.

"ಅತ್ತಿಗೆ, ಗೋಡೆ ನಮ್ಮ ಕಡೆ ವಾಲಿದೆ ಅಂತ ಹೇಳಿ ಅವರಿಗೆ."

"ತೂಗುಗುಂಡು ಹಾಕಿ ನೋಡಿದ್ದೀನಿ ಅಂತ ಹೇಳೇ ಅವನಿಗೆ."

"ಗುಂಡೇನೋ ನೆಟ್ಟಗೇ ಇರುತ್ತೆ ಅತ್ತಿಗೆ. ಗುಂಡು ಹಾಕಿದವರು ನೆಟ್ಟಗಿರಬೇಕಲ್ಲ!"

ಹಿತ್ತಿಲ ಕಡೆ ಓರಗಿತ್ತಿ ಕಿಸಕ್ಕೆಂದು ನಕ್ಕಳು. ಬೀದಿ ಕಡೆ ಹೆಂಡತಿಯೂ ನಕ್ಕಳು. ಮೇಸ್ತ್ರಿ ಯಾರಿಗೂ ಕಾಣದ ಹಾಗೆ ಗುಂಡನ್ನು ಇನ್ನೊಮ್ಮೆ ಇಳಿಬಿಟ್ಟು ನೋಡಿದ. ಒಂದು ಇಟ್ಟಿಗೆ ನಿಜಕ್ಕೂ ವಾಲಿತ್ತು.

ಎರಡನೆಯ ತೊಡಕು ದೊಡ್ಡದು: ಅಮ್ಮ. ಅಮ್ಮನ ಮಂಚ ನಡುಮನೆಯ ನಟ್ಟನಡುವೆ, ಸರಿಯಾಗಿ ಗೋಡೆ ಹಾಯಬೇಕಾದ ಜಾಗದಲ್ಲಿತ್ತು. ತಲೆ ಬೀದಿಗೆ, ಕಾಲು ಹಿತ್ತಿಲಿಗೆ.

"ಅಮ್ಮ, ಮಂಚ ಸ್ವಲ್ಪ ಈಚೆ ಎಳೀತೀನಿ."

"ಎಳೆದು ನೋಡು," ಅಂದಳು ಅಮ್ಮ. "ಎರಡು ಬಾಗಿಲ ಗಾಳಿ ಸೇರೋದು ಇಲ್ಲೇ. ಈ ಮಂಚದ ಮೇಲೆ ನಿನ್ನ ಹೆತ್ತೆ, ಅವನನ್ನ ಹೆತ್ತೆ, ನಿಮ್ಮಪ್ಪನ ಗೊರಕೆ ಸಹಿಸಿದೆ. ಗೋಡೆಗೆ ಜಾಗ ಬಿಡ್ತೀನೇನೋ?"

"ಹಾಗಾದ್ರೆ ನೀನು ಯಾವ ಕಡೆ? ನನ್ನ ಕಡೆನೋ, ಅವನ ಕಡೆನೋ?"

"ತಲೆ ನಿನಗೆ ತಗೋ, ಕಾಲು ಅವನಿಗೆ ಕೊಡು. ನಡುವಿಗೆ ಸೊಂಟದ ಮೇಲೆ ಕಟ್ಟು ನಿನ್ನ ಗೋಡೆ. ಹೇಗೂ ಸೊಂಟ ನೋವಿದೆ, ಭಾರಕ್ಕೆ ಹಿತವಾಗುತ್ತೆ."

ಪೊಲೀಸರ ಎದುರು ಎದೆ ಕೊಟ್ಟವನು ಅಮ್ಮನ ಎದುರು ಬೆನ್ನು ತಿರುಗಿಸಿದ. ಮಂಚದ ಎಡಕ್ಕೆ ಒಂದು ತುಂಡು ಗೋಡೆ, ಬಲಕ್ಕೆ ಒಂದು ತುಂಡು ಗೋಡೆ, ನಡುವೆ ಅಮ್ಮ. ಗಿಲಾವು ಬಳಿದು ನಿಂತ ಮೇಲೆ ಅದು ಗೋಡೆಗಿಂತ ಹೆಚ್ಚಾಗಿ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು.

ಒಲೆ, ನೀರು, ಪಾತ್ರೆ ಎಲ್ಲ ಹಿತ್ತಿಲ ಕಡೆಗೇ ಉಳಿದಿದ್ದವು. ಸಿದ್ಧಾಂತ ಕಟ್ಟುವ ಭರದಲ್ಲಿ ಮೇಸ್ತ್ರಿಗೆ ಅದು ಹೊಳೆದಿರಲಿಲ್ಲ. ಈಗ ಹೆಂಡತಿ ದಿನಕ್ಕೆ ಎಷ್ಟೋ ಸಲ ಸೀರೆ ಎತ್ತಿಕಟ್ಟಿ, ಅತ್ತೆಯ ಮಂಚ ಹತ್ತಿ, ಇಳಿದು, ಅಡುಗೆಮನೆಗೆ ಹೋಗಿ ಬರಬೇಕು. ಕೈಯಲ್ಲಿ ಬಿಸಿ ಪಾತ್ರೆ. ಅಮ್ಮ ಯಾರನ್ನೂ ಸುಮ್ಮನೆ ದಾಟಿಸುತ್ತಿರಲಿಲ್ಲ. ಆ ಕಡೆಯ ಒಂದು ಸುದ್ದಿ ಸುಂಕ ಕಟ್ಟಬೇಕು. ಹೀಗಾಗಿ ಗೋಡೆ ಬಂದ ಮೇಲೆ ಮನೆಯಲ್ಲಿ ಗುಟ್ಟು ಎಂಬುದೇ ಉಳಿಯಲಿಲ್ಲ. ಬಡಗಿ ಮಧ್ಯಾಹ್ನ ಏನು ಗೊಣಗಿದ ಎಂಬುದು ಸಂಜೆಗೆ ಮೇಸ್ತ್ರಿಗೆ ಗೊತ್ತು, ಮೇಸ್ತ್ರಿ ಕನಸಿನಲ್ಲಿ ಮಾನ್ಯರೇ ಮಾನ್ಯರೇ ಅಂದದ್ದು ಬೆಳಿಗ್ಗೆಗೆ ಬಡಗಿಗೆ ಗೊತ್ತು. ಓರಗಿತ್ತಿಯರು ಮಂಚದ ಆ ಅಂಚಿಗೊಬ್ಬಳು ಈ ಅಂಚಿಗೊಬ್ಬಳು ಕೂತು, ಮೊದಲಿಗಿಂತ ಎರಡರಷ್ಟು ಹರಟಿದರು.

"ಅಕ್ಕ, ನಮ್ಮಿಬ್ಬರಿಗೆ ಜಗಳ ಯಾವಾಗ ಆಯ್ತು?"

"ಆಗಲಿಲ್ಲವಲ್ಲೇ ತಂಗಿ. ಹತ್ತಿ ಇಳಿಯೋರು ಮಾತ್ರ ನಾವು."

ಭಾನುವಾರ ಬಂತು. ಸಮಿತಿ ಸೇರುತ್ತಿದ್ದದ್ದು ಓಣಿಯ ಬಯಲಲ್ಲಿ. ಅವತ್ತು ನೋಡಿದರೆ ಬಡಾವಣೆಯವರು ಅಲ್ಲಿ ಜಲ್ಲಿ ಸುರಿದು ಹೋಗಿದ್ದರು. ಪೊರಕೆ ಅಕ್ಕ ಸುತ್ತ ನೋಡಿ, "ಮೇಸ್ತ್ರಿ ನಡುಮನೆ ದೊಡ್ಡದು, ನಡೀರಿ ಎಲ್ಲ," ಅಂದುಬಿಟ್ಟಳು.

ಮೇಸ್ತ್ರಿ ದಾರಿಗೆ ಅಡ್ಡ ನಿಂತ. ಮನೆಯಲ್ಲಿ ನಂಟರಿದ್ದಾರೆ ಅಂದ. ಇಲ್ಲವೆಂದು ಪಕ್ಕದ ಮನೆಯ ಮುದುಕಿ ಹೇಳಿದಳು. ಹೆಂಡತಿಗೆ ಜ್ವರ ಅಂದ. ಹೆಂಡತಿ ಅಲ್ಲೇ ನಿಂತಿದ್ದಳು. ಕೊನೆಗೆ ಒಂದೇ ಓಟಕ್ಕೆ ಮನೆಗೆ ಬಂದು, ಮೆರವಣಿಗೆಗೆಂದು ಬರೆಸಿಟ್ಟಿದ್ದ ಉದ್ದುದ್ದ ಬಟ್ಟೆಗಳನ್ನೆಲ್ಲ ಗೋಡೆಗೆ ಮೇಲಿನಿಂದ ಕೆಳಗೆ ತೂಗುಹಾಕಿದ. "ಗೋಡೆ ಒಡೆಯಿರಿ, ಮನಸ್ಸು ಕೂಡಿಸಿರಿ" ಎಂಬುದು ಎಡತುಂಡಿಗೆ, "ಗೋಡೆ ಕಟ್ಟಿದವರಿಗೆ ಧಿಕ್ಕಾರ" ಎಂಬುದು ಬಲತುಂಡಿಗೆ. ನಡುವಿನ ಅಮ್ಮನಿಗೆ "ಹೋರಾಟಕ್ಕೆ ಜಯವಾಗಲಿ" ಎಂಬುದನ್ನು ಪರದೆ ಮಾಡಿದ. "ಅಮ್ಮ, ಒಂದು ಗಳಿಗೆ ಮಾತಾಡಬೇಡ," ಎಂದು ಕೈ ಮುಗಿದ.

ಓಣಿಯ ಜನ ಒಳಗೆ ತುಂಬಿ ಕೂತರು. ಪೊರಕೆ ಅಕ್ಕ ಮಾತಿಗೆ ನಿಂತವಳು, "ಗೇಟು ನಾಳೆ ಕೂರುತ್ತೆ. ನಾಳೆ ಏನು ಮಾಡೋದು ಅದು ಹೇಳಿ," ಎಂದಷ್ಟೇ ಕೇಳಿ ಕೂತಳು. ಅಷ್ಟು ಸಣ್ಣ ಭಾಷಣಕ್ಕೆ ಚಪ್ಪಾಳೆ ಹೊಡೆಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಆಮೇಲೆ ಮೇಸ್ತ್ರಿ ಎದ್ದ. ಬ್ಯಾನರುಗಳ ಎದುರು ನಿಂತದ್ದಕ್ಕೋ ಏನೋ, ಅವತ್ತು ಅವನ ದನಿಗೆ ರೆಕ್ಕೆ ಬಂದಿತ್ತು. ಗೋಡೆಗಳ ಚರಿತ್ರೆ ಹೇಳಿದ. ಗೋಡೆಗೆ ಕಿವಿ ಇದೆ, ಕರುಳಿಲ್ಲ ಅಂದ. ಹೆಂಗಸರು ಕಣ್ಣೊರೆಸಿಕೊಂಡರು. ಅಧ್ಯಕ್ಷಗಿರಿ ಕೈಯಳತೆಗೆ ಬಂತು ಎಂದು ತಿಳಿದು ಕೊನೆಯ ಏಟು ಹೊಡೆದ:

"ಬಂಧುಗಳೇ, ಹೇಳಿ! ಅಣ್ಣ ತಮ್ಮಂದಿರ ಹಾಗೆ ಬದುಕಬೇಕಾದ ನಮ್ಮ ನಡುವೆ ಈ ಗೋಡೆ ಕಟ್ಟಿದ ಆ ನೀಚ ಯಾರು?"

"ನೀನೇ ಅಲ್ವೇನೋ!" ಅಂದಳು ಪರದೆಯ ಹಿಂದಿನಿಂದ ಅಮ್ಮ. "ನನಗೆ ಮರೆವು ಅಂತಾರೆ, ನಿನಗೆ ಬಂತಲ್ಲೋ!"

ಪೊರಕೆ ಅಕ್ಕ ಎದ್ದಳು, ಎಡಗಡೆಯ ಬಟ್ಟೆ ಎತ್ತಿದಳು. ಗೋಡೆ. ಬಲಗಡೆಯದು ಎತ್ತಿದಳು. ಗೋಡೆ. ಬೆರಳ ಗಿಣ್ಣಿನಿಂದ ತಟ್ಟಿ ನೋಡಿದಳು.

"ಗಿಲಾವು ಚೆನ್ನಾಗಿದೆ ಮೇಸ್ತ್ರಿ."

"ಹೌದಾ?" ಅಂದ ಮೇಸ್ತ್ರಿ. ಮಾನ ಹೋಗುವ ಹೊತ್ತಲ್ಲೂ ಕಸುಬು ಹೊಗಳಿದರೆ ಮುಖ ಅರಳಿಯೇ ಬಿಡುತ್ತದೆ, ಏನು ಮಾಡುವುದು? "ಅದು... ಗೋಡೆಯಲ್ಲ ಅಕ್ಕ. ಒಂದು ರೀತಿಯ ಅಗಲವಾದ ಕಂಬ."

"ನಮ್ಮ ಮನೆ ಚರಂಡಿಯ ಆ ಕಡೆ. ಭಾಷಣದಲ್ಲಿ ಎಷ್ಟು ಸಲ ನನ್ನನ್ನ ಸೋದರಿ ಅಂದಿದ್ದೀರಿ! ಆದರೆ ನಾನು ನಿಮ್ಮ ಹೊಸ್ತಿಲು ದಾಟಿದ್ದು ಇವತ್ತೇ, ಅದೂ ನಾನಾಗಿ ಬಂದದ್ದಕ್ಕೆ. ನೀವಂತೂ ನಮ್ಮ ಕಡೆ ಕಾಲಿಟ್ಟಿಲ್ಲ. ನಮ್ಮ ನಿಮ್ಮ ನಡುವಿನ ಆ ಗೋಡೆಗೆ ಗಿಲಾವು ಇರಲಿಲ್ಲ, ಅದಕ್ಕೇ ಯಾರಿಗೂ ಕಾಣಲಿಲ್ಲ. ಇದಾದರೂ ಕಾಣುತ್ತೆ. ವಾಸಿ."

ಜನ ಗುಸುಗುಸು ಶುರು ಮಾಡಿದರು. ಹಿಂದೆ ಯಾರೋ ಮೆಲ್ಲಗೆ ಧಿಕ್ಕಾರ ಅಂದು, ಇನ್ಯಾರೋ ಅದಕ್ಕೆ ದನಿ ಸೇರಿಸಿದರು. ಅಷ್ಟರಲ್ಲಿ ಪೊರಕೆ ಅಕ್ಕ ನಡುವಿನ ಪರದೆಯನ್ನೂ ಎತ್ತಿದಳು. ಮಂಚ, ಮಂಚದ ಮೇಲೆ ಅಮ್ಮ.

"ಇಲ್ಲಿ ಯಾಕೆ ಗೋಡೆ ಬರಲಿಲ್ಲ?"

"ನಾನು ಮಲಗಿದ್ದೀನಲ್ಲ!" ಅಂದಳು ಅಮ್ಮ. "ಇನ್ನೂ ಏಳಲಿಲ್ಲ, ಅದಕ್ಕೇ ಬರಲಿಲ್ಲ."

ಪೊರಕೆ ಅಕ್ಕ ಅಮ್ಮನನ್ನು ನೋಡಿದಳು, ಗೋಡೆಯ ಎರಡು ತುಂಡು ನೋಡಿದಳು, ಆಮೇಲೆ ಜನರ ಕಡೆ ತಿರುಗಿದಳು. "ಕೇಳಿದ್ರಾ? ನಾವು ಇಷ್ಟು ದಿನ ಕೂಗಿದ್ದೇ ಕೂಗಿದ್ದು. ಅಜ್ಜಿ ಮಲಗಿದ್ದಾರೆ, ಗೋಡೆ ಅಲ್ಲಿಗೇ ನಿಂತಿದೆ. ನಾಳೆ ಈ ಮಂಚ ಗೇಟಿನ ಬಾಯಲ್ಲಿ ಇಡೋಣ. ಅಜ್ಜಿ, ಬರ್ತೀರಾ?"

"ಗಾಳಿ ಬರುತ್ತಾ ಅಲ್ಲಿ?"

"ಬೇಕಾದಷ್ಟು."

ಅಧ್ಯಕ್ಷರ ಆಯ್ಕೆ ಅಲ್ಲೇ ಆಯಿತು. ಪೊರಕೆ ಅಕ್ಕ ಹೆಸರು ಹೇಳಿದಳು, ಎಲ್ಲರೂ ಕೈ ಎತ್ತಿದರು. ಅಮ್ಮ ಅಧ್ಯಕ್ಷಳಾದಳು. ಮಂಚ ಹೊರುವ ಜವಾಬ್ದಾರಿ ಮೇಸ್ತ್ರಿಗೆ ಬಂತು. ಮಂಚ ಒಬ್ಬನಿಂದ ಏಳುವಂಥದಲ್ಲ, ಇನ್ನೊಂದು ಕಡೆಗೆ ಯಾರು ಎಂದಾಗ ಹಿತ್ತಿಲ ಕಡೆಯಿಂದ ಬಡಗಿ ಹೇಳಿದ: "ಅತ್ತಿಗೆ, ನನಗೂ ಗೇಟು ತಗೊಂಡು ಅಲ್ಲಿಗೇ ಹೋಗಬೇಕು. ಹೋಗ್ತಾ ಅಮ್ಮನ್ನ ಹೊರ್ತೀನಿ ಅಂತ ಹೇಳಿ ಅವರಿಗೆ."

ಮಾರನೆಯ ಬೆಳಿಗ್ಗೆ ಕೆಲಸದ ಹೊತ್ತಿಗೆ ಸರಿಯಾಗಿ ಮಂಚ ಗೋಡೆಯ ಬಾಯಲ್ಲಿ ಇಳಿಯಿತು. ಅಮ್ಮ ಕಾಲು ಚಾಚಿದಳು. ಅತ್ತಿಂದ ಇತ್ತ ಒಂದು ಬೆಕ್ಕು ಬೇಕಾದರೆ ಹೋಗಬಹುದಿತ್ತು. ಬಡಗಿ ಕೈಗಾಡಿಯಲ್ಲಿ ತರಿಸಿದ್ದ ಗೇಟನ್ನು ಗೋಡೆಗೆ ಆನಿಸಿಟ್ಟು, ಉಳಿ ಸುತ್ತಿಗೆ ಪಕ್ಕಕ್ಕಿಟ್ಟು, ನೆರಳಲ್ಲಿ ಕೂತ.

ಕಾರ್ಯದರ್ಶಿ ಓಡಿ ಬಂದ. "ಏನಯ್ಯಾ, ಗೇಟು ಕೂರಿಸೋದಿಲ್ವಾ?"

"ಕೂರಿಸ್ತೀನಿ ಸಾರ್. ಜಾಗ ಖಾಲಿ ಮಾಡಿಸಿಕೊಡಿ."

"ಅಜ್ಜಿ, ಏಳಿ!"

"ಏಳೋಕೆ ಆಗಿದ್ರೆ ನಾನ್ಯಾಕಪ್ಪ ಮಲಗ್ತಿದ್ದೆ? ಇರಲಿ, ಕೂತ್ಕೋ. ಮುಖ ಯಾಕೆ ಬಾಡಿದೆ? ಮನೇಲಿ ಜಗಳಾನಾ?"

ಕಾರ್ಯದರ್ಶಿಗೆ ಏನಾಯಿತೋ, ಕೂತ. ಆ ಕಡೆ ಅವನ ಮನೆಯ ಒಲೆ ಹತ್ತಿರಲಿಲ್ಲ. ಅಡುಗೆಯವರು, ಪಾತ್ರೆಯವರು, ತೋಟದವರು, ಡ್ರೈವರುಗಳು ಎಲ್ಲರೂ ಮಂಚದ ಈ ಕಡೆ ನಿಂತು, ಅಜ್ಜಿ ಮಲಗಿದ್ದಾರೆ, ದಾಟೋದು ಹೇಗೆ ಎಂದು ವಿನಯದಿಂದ ಕೈ ಕಟ್ಟಿದ್ದರು. ಗೋಡೆಯ ಒಳಗೆ ಪಾತ್ರೆ ಬೆಟ್ಟವಾಯಿತು, ಕಸ ಗುಡ್ಡವಾಯಿತು, ಕಾರುಗಳು ನಿಂತಲ್ಲೇ ನಿಂತವು. ಬಿಸಿಲು ನೆತ್ತಿಗೆ ಬಂದಾಗ ಬಡಾವಣೆಯ ಹೆಂಗಸರೇ ಬಂದು ಕಾರ್ಯದರ್ಶಿಯನ್ನು ತರಾಟೆಗೆ ತೆಗೆದುಕೊಂಡರು. ಸಂಜೆಯ ಹೊತ್ತಿಗೆ ಅವನು, ದಾರಿ ತೆರೆದೇ ಇರುತ್ತೆ, ಗೇಟು ಬೇಡ ಎಂದು ಎಲ್ಲರ ಎದುರು ಹೇಳಿದ. ಗೇಟಿನ ಕೂಲಿ ಮಾತ್ರ ಬಡಗಿ ಬಿಡಲಿಲ್ಲ.

ಮೇಸ್ತ್ರಿ ಕೂಗಿ ಕೂಗಿ ದನಿ ಒಡೆದುಕೊಂಡ. ಅಧ್ಯಕ್ಷಗಿರಿ ಅಮ್ಮನ ಪಾಲಾದರೇನು, ಗೆಲುವು ಗೆಲುವೇ! ಅಣ್ಣ ಮುಂದೆ, ತಮ್ಮ ಹಿಂದೆ, ನಡುವೆ ಮಂಚದ ಮೇಲೆ ಮಾನ್ಯ ಅಧ್ಯಕ್ಷರು. ಓಣಿಯೆಲ್ಲ ಜೈಕಾರ ಹಾಕಿ, ಅವರವರ ಮನೆ ಸೇರಿತು. ಮೂವರೂ ತಮ್ಮ ಬಾಗಿಲಿಗೆ ಬಂದರು.

ನಡುಮನೆ ಏಕೋ ಕತ್ತಲಾಗಿತ್ತು. ಹಿತ್ತಿಲ ಬೆಳಕು ಬರುತ್ತಿರಲಿಲ್ಲ. ಮಂಚ ಇದ್ದ ಜಾಗದಲ್ಲಿ ನೆಲದಿಂದ ತೊಲೆಯವರೆಗೆ ಇಟ್ಟಿಗೆ ನಿಂತಿತ್ತು. ಹಸಿ ಗಾರೆಯ ವಾಸನೆ.

"ಯಾರು ಕಟ್ಟಿದ್ದು ಇದನ್ನ?" ಎಂದು ಕೇಳಿದ ಮೇಸ್ತ್ರಿ, ಇದ್ದಷ್ಟು ದನಿಯಲ್ಲಿ.

"ನಾವೇ," ಎಂದಿತು ಗೋಡೆಯ ಆ ಕಡೆಯಿಂದ ಹೆಂಡತಿಯ ದನಿ. "ಕೆಲಸಕ್ಕೆ ಹೋಗೋಣ ಅಂದರೆ ದಾರಿಗೆ ಅತ್ತೆ ಅಡ್ಡ. ರಜೆ ಸಿಕ್ಕಿತು. ಇಷ್ಟು ವರ್ಷ ನಿಮಗೆ ಬಾಂಡ್ಲಿ ಹೊತ್ತು ಹೊತ್ತು ಇಷ್ಟಾದರೂ ಕಲೀಬೇಡವಾ?"

"ಸಂದು ಸರಿಯಾಗಿ ಕೂಡಿಲ್ಲ! ಇಟ್ಟಿಗೆ ಮೇಲೆ ಸಂದು, ಸಂದಿನ ಮೇಲೆ ಇಟ್ಟಿಗೆ ಬರಬೇಕು ಅಂತ ಎಷ್ಟು ಸಲ..."

"ಬಿದ್ದಾಗ ನೋಡೋಣ. ಈಗ ಕೇಳಿ. ನಾವಿಬ್ಬರೂ ಈ ಕಡೆ, ಒಲೆನೂ ಈ ಕಡೆ. ನಿಮ್ಮ ಸಿದ್ಧಾಂತ, ಅವನ ಕಸುಬು ಎರಡೂ ಆ ಕಡೆ ಇರಲಿ. ಜಗಳ ಆಡಿದವರು ಒಂದು ಕಡೆ ಇದ್ದರೆ ಮಂಚ ಹತ್ತಿ ಇಳಿಯೋ ಕೆಲಸ ಯಾರಿಗೂ ಇಲ್ಲ."

ಬಡಗಿ ಸಂದಿಯಲ್ಲಿ ಸುತ್ತಿ ಹಿತ್ತಿಲ ಬಾಗಿಲಿಗೆ ಹೋಗಿ ಬಂದ. ಒಳಗಿನಿಂದ ಚಿಲಕ.

"ಭಾವ," ಅಂದಳು ಓರಗಿತ್ತಿ ಒಳಗಿನಿಂದ, ಬಹಳ ಮರ್ಯಾದೆಯಿಂದ, "ಅತ್ತೆಯನ್ನ ಹಿತ್ತಿಲಿಗೆ ಕರ್ಕೊಂಡು ಬನ್ನಿ, ಅವರಿಗೆ ಬಾಗಿಲು ತೆಗೀತೀವಿ. ಮಂಚ ಇಳಿಸಿದ ಮೇಲೆ ನೀವಿಬ್ಬರೂ ಹೊಸ್ತಿಲ ಆಚೆ."

ಹಾಗೇ ಆಯಿತು. ಅಮ್ಮ ಮಂಚದ ಸಮೇತ ಒಳಗೆ ಹೋದಳು. ಒಂದು ಸಲವೂ ತಿರುಗಿ ನೋಡಲಿಲ್ಲ. ಒಳಗೆ ಪಾತ್ರೆ ಸದ್ದು, ಬಿಸಿ ಅಡುಗೆಯ ಘಮ, ಮೂವರು ಹೆಂಗಸರ ನಗು. ಅಣ್ಣ ತಮ್ಮ ಬೀದಿ ಕಡೆಯ ಕತ್ತಲ ಕೋಣೆಗೆ ಮರಳಿ, ಬರಿ ನೆಲದ ಮೇಲೆ ನಿಂತರು. ಅತ್ತಿಗೆಯ ಮೂಲಕ ಹೇಳಿಸೋಣವೆಂದರೆ ಅತ್ತಿಗೆ ಗೋಡೆಯ ಆ ಕಡೆ. ಬಡಗಿ ಬಹಳ ಹೊತ್ತು ಗಂಟಲು ಸರಿಮಾಡಿಕೊಂಡ.

"ಅಣ್ಣಾ."

"ಏನು?"

"ಗಾರೆ ಇನ್ನೂ ಹಸಿ ಇದೆಯಾ?"

ಮೇಸ್ತ್ರಿ ಬೆರಳು ಒತ್ತಿ ನೋಡಿದ. "ಹಸಿನೇ. ಹೆಗಲು ಕೊಟ್ಟು ತಳ್ಳಿದರೆ ಬೀಳುತ್ತೆ."

"ತಳ್ಳು ಮತ್ತೆ."

"ತಳ್ಳಿ ನೋಡಿ," ಅಂದಳು ಒಳಗಿನಿಂದ ಹೆಂಡತಿ, ದನಿ ಏರಿಸದೆ.

ಮೇಸ್ತ್ರಿ ತಮ್ಮನನ್ನು ನೋಡಿದ. ತಮ್ಮ ನೆಲ ನೋಡಿದ. ಆಮೇಲೆ ಇಬ್ಬರೂ ಅದೇ ಗೋಡೆಗೆ ಬೆನ್ನು ಆನಿಸಿ ಅಕ್ಕಪಕ್ಕ ಕೂತರು. ಭಾರ ಬಿಡದೆ, ಮೆಲ್ಲಗೆ. ಬಿದ್ದುಗಿದ್ದರೆ ಗತಿ ಏನು!